ಬಡವನಹಳ್ಳಿಯಲ್ಲಿ ನಡೆದ ಇರಾನ್ ಮಾತುಕತೆ

ಮೊನ್ನೆ ಬೋಂಡ ಕಟ್ಟಿಕೊಟ್ಟ ಪೇಪರನ್ನು ಎಸೆಯುವ ಮೊದಲು ಓದಿದೆ. ಅದು ನನ್ನ ಹಳೆಯ ಚಾಳಿ. ಎಣ್ಣೆ ಕುಡಿದ ಆ ತುಂಡಿನಲ್ಲಿ ಒಂದು ಸುದ್ದಿಯಿತ್ತು. ಇರಾನಿನವರು ಒಂದು ಕೋಣೆಯಲ್ಲಿ, ಅಮೆರಿಕದವರು ಇನ್ನೊಂದು ಕೋಣೆಯಲ್ಲಿ ಕೂತಿದ್ದರಂತೆ. ಇವರ ಮಾತನ್ನು ಅವರಿಗೆ, ಅವರದನ್ನು ಇವರಿಗೆ ಮುಟ್ಟಿಸಲು ಒಮಾನಿನ ಮಂತ್ರಿಗಳು ನಡುವೆ ಓಡಾಡಿದರಂತೆ. ಓದಿದವರೆಲ್ಲ ಅಣುಬಾಂಬಿನ ಬಗ್ಗೆ ಚಿಂತಿಸಿರಬಹುದು. ನಾನು ಆ ಮಂತ್ರಿಗಳ ಮೊಣಕಾಲಿನ ಬಗ್ಗೆ ಚಿಂತಿಸಿದೆ. ಯಾಕೆಂದರೆ ಆ ಕೆಲಸವನ್ನು ಹತ್ತು ವರ್ಷದ ಹಿಂದೆ ಮಧುಗಿರಿ–ಶಿರಾ ಬಸ್ಸಿನಲ್ಲಿ ಮಾಡಿದವನು ನಾನು.

ನಮ್ಮಪ್ಪ ಮಧುಗಿರಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟರಾಗಿದ್ದು ನಿವೃತ್ತರಾದವರು. ಮಾವನವರದು ಶಿರಾದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಅಪ್ಪ ಇರಾನಿನ ಪಕ್ಷ, ಮಾವ ಸೌದಿಯ ಪಕ್ಷ. ಅಪ್ಪನಿಗೆ ವರ್ಷಗಟ್ಟಲೆ ಮಕ್ಕಳ ಕೈಲಿ ಪರ್ಷಿಯಾದ ಭೂಪಟ ಬರೆಸಿದ ಮಮತೆ. ಮಾವನಿಗೆ, ಸೌದಿಯಲ್ಲಿ ದುಡಿಯುವ ಗಿರಾಕಿಗಳ ಮಕ್ಕಳು ರಜೆಗೆ ಬಂದಾಗ ತಂದುಕೊಡುತ್ತಿದ್ದ ಖರ್ಜೂರದ ಋಣ. ಇಬ್ಬರೂ ವಿಮಾನವನ್ನು ಕೆಳಗಿನಿಂದಷ್ಟೇ ಕಂಡವರು.

ನನಗೆ ಮದುವೆಯಾದದ್ದೇ ತಡವಾಗಿ. ಹೆಣ್ಣು ಮಗು ಹುಟ್ಟಿ, ಶಿರಾದಲ್ಲಿ ನಾಮಕರಣವಾಯಿತು. ಮಾವನ ಮನೆಯಲ್ಲಿ ಟೀವಿ ಆರಿಸುವ ಪದ್ಧತಿಯಿಲ್ಲ. ಎಲೆ ಹಾಕಿ ಊಟಕ್ಕೆ ಕೂತಾಗ ಅದರಲ್ಲಿ ಇರಾನಿನ ಅಣು ಒಪ್ಪಂದದ ಮಾತುಕತೆಯ ಸುದ್ದಿ ಬಂತು.

"ಆ ಇರಾನ್ನೋರ್‍ನ ನಂಬಂಗಿಲ್ಲ ಬೀಗ್ರೇ. ಬಾಯಲ್ಲೊಂದು, ನೆಲಮಾಳಿಗೇಲೊಂದು," ಎಂದರು ಮಾವ, ಅಪ್ಪನ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ.

"ಸಾವಿರಾರು ವರ್ಷದ ನಾಡು ಕಣ್ರೀ ಅದು. ಮೊನ್ನೆ ಎಣ್ಣೆ ಸಿಕ್ಕಿ ಮೆರೆಯೋರ ಹಂಗಲ್ಲ," ಎಂದರು ಅಪ್ಪ.

"ಎಣ್ಣೆ ಇಲ್ದಂಗೆ ನಿಮ್ ಸಾವ್ರಾರು ವರ್ಷ ತಗಂಡು ಒಂದು ಇಂಜಿನ್ನು ಸ್ಟಾರ್ಟ್ ಮಾಡಿ ನೋಡಾಣ!"

"ಇಂಜಿನ್ ಬಿಚ್ಚೋರ ಹತ್ರ ಚರಿತ್ರೆ ಮಾತಾಡಿದ್ದು ನನ್ನ ತಪ್ಪು," ಎಂದು ಅಪ್ಪ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದರು.

ಬೀಗರು ಅರ್ಧ ಊಟಕ್ಕೆ ಎಲೆ ಬಿಟ್ಟು ಎದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ನಮ್ಮ ಮನೆಯಲ್ಲಿ ಅದರ ಪೆಟ್ಟು ಬಿದ್ದದ್ದು ನನಗೆ. ಐದನೇ ತಿಂಗಳಲ್ಲಿ ಗಂಡನ ಕಡೆಯ ಹಿರಿಯರು ಹೋಗಿ ಕರೆಯಬೇಕು, ಆಮೇಲೆ ತವರಿನವರು ಮಡಿಲು ತುಂಬಿ ಬಾಣಂತಿಯನ್ನು ಕಳಿಸಬೇಕು. ಅಮ್ಮ ತೀರಿಹೋಗಿದ್ದರಿಂದ ನಮ್ಮ ಕಡೆ ಹಿರಿಯರೆಂದರೆ ಅಪ್ಪ ಒಬ್ಬರೇ.

"ಆ ಮನೆ ಹೊಸ್ತಿಲು ತುಳಿಯಲ್ಲ ಕಣ್ಲಾ," ಎಂದರು ಅಪ್ಪ. "ಅಲ್ಲಿ ಒಪ್ಪಂದಕ್ಕೆ ಸಹಿ ಬೀಳ್ಲಿ. ಮೇಷ್ಟ್ರು ಹೇಳಿದ್ದೇ ಸರಿ ಅಂತ ಅವರು ಒಪ್ಕೊಳ್ಲಿ. ಆಮೇಲೆ ನೋಡೋಣ."

"ಹಿರೀಕ್ರು ಬಂದು ಕರೀದೆ ಹೆಂಗೆ ಕಳ್ಸಾದು ಅಳಿಯಂದ್ರೇ? ನನ್ ಮಗ್ಳೇನು ಪಾರ್ಸಲ್ಲಾ?" ಎಂದರು ಮಾವ.

ಹೀಗೆ ನನ್ನ ಸಂಸಾರ ಅಣು ಒಪ್ಪಂದಕ್ಕೆ ಗಂಟುಬಿತ್ತು. ಅಲ್ಲಿಯವರೆಗೆ ಪೇಪರಿನಲ್ಲಿ ದಿನಭವಿಷ್ಯ ಮಾತ್ರ ಓದುತ್ತಿದ್ದ ನಾನು ವಿದೇಶದ ಪುಟಕ್ಕೆ ಬಿದ್ದೆ. ಅಲ್ಲಿ ಗಡುವು ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಯಾವುದೋ ದೇಶದ ಮಂತ್ರಿ ಮುಖ ಗಂಟಿಕ್ಕಿದ ಫೋಟೋ ಬಂದರೆ ನನಗೆ ಎದೆಯುರಿ. ಮಗುವಿನ ಹಲ್ಲು ಶಿರಾದಲ್ಲೇ ಬರುತ್ತದೆ, ಅಂಬೆಗಾಲು ಅಲ್ಲೇ ಇಡುತ್ತದೆ, ನನ್ನನ್ನು ಭಾನುವಾರ ಬರುವ ಯಾರೋ ನೆಂಟನೆಂದು ತಿಳಿಯುತ್ತದೆ ಎಂದೆಲ್ಲ ಕೊರಗಿದೆ.

ಭಾನುವಾರ ಬಸ್ಸಿನಲ್ಲಿ ಸಂದೇಶ ಸಾಗಿಸುತ್ತಿದ್ದೆ. "ಸೌದಿ ದೊರೆಗಳೇ ಬಂದು ಮೊಮ್ಮಗಳ ತೊಟ್ಟಿಲು ತೂಗ್ಲಿ ಅಂತ ಹೇಳು," ಎಂದು ಅಪ್ಪ ಕಳಿಸಿದರೆ, ಶಿರಾ ತಲುಪುವಷ್ಟರಲ್ಲಿ ಅದು "ಅಪ್ಪ ನಿಮ್ಮ ಆರೋಗ್ಯ ಕೇಳಿದರು" ಎಂದಾಗಿರುತ್ತಿತ್ತು.

"ನನ್ ಆರೋಗ್ಯಕ್ಕೆ ಏನಾಗೈತಂತೆ?" ಎಂದು ಮಾವ ಅದಕ್ಕೂ ಉರಿಯುತ್ತಿದ್ದರು.

ಕೊನೆಗೊಮ್ಮೆ ಅಲ್ಲಿ ಸಹಿ ಬಿತ್ತು. ನಾನು ಓಣಿಗೆಲ್ಲ ಮೈಸೂರುಪಾಕು ಹಂಚಿದೆ. ಇರಾನಿಗೂ ಇವನಿಗೂ ಏನು ಸಂಬಂಧವೆಂದು ನೆರೆಯವರು ಹೆದರಿದರು. ಮಾವ ಮಾತ್ರ, "ಸಹಿ ಯಾರ್ ಬೇಕಾರೂ ಹಾಕ್ತಾರೆ. ನಿಲ್ಬೇಕಲ್ಲ?" ಎಂದುಬಿಟ್ಟರು. ಮಗುವಿಗೆ ಎಂಟು ತಿಂಗಳು ತುಂಬಿತ್ತು.

ಆಗ ನನ್ನಂಥ ಪುಕ್ಕಲನಿಗೂ ಒಂದು ಉಪಾಯ ಹೊಳೆಯಿತು. ಮಧುಗಿರಿಯೂ ಬೇಡ, ಶಿರಾವೂ ಬೇಡ, ನಡುವೆ ಬಡವನಹಳ್ಳಿಯಿದೆ. ಮಾವ ಮಗಳನ್ನೂ ಮೊಮ್ಮಗಳನ್ನೂ ಕರೆತರಲಿ, ಅಪ್ಪ ಅಲ್ಲಿಯೇ ಕರೆಯಲಿ. ಇಬ್ಬರೂ ಒಪ್ಪಿದರು, ಬಂದರು. ಅಪ್ಪ ರಸ್ತೆಯ ಈ ಬದಿಯ ಹೋಟೆಲಿನಲ್ಲಿ ಕೂತರೆ, ಮಾವ ಮಗಳೊಂದಿಗೆ ಆ ಬದಿಯ ಹೋಟೆಲಿನಲ್ಲಿ ಕೂತರು. ಮೊದಲು ಯಾರು ರಸ್ತೆ ದಾಟಬೇಕೆಂಬುದು ಈಗ ಪ್ರಶ್ನೆ. ನಾನೊಬ್ಬನೇ ದಾಟುತ್ತಿದ್ದೆ.

ನಾಲ್ಕನೇ ಸಲಕ್ಕೆ ಟೀ ಅಂಗಡಿಯವನು ತಡೆದ. "ಏನ್ ಸಾರ್, ಸೈಟು ಯಾಪಾರನಾ?"

"ಅಲ್ಲಪ್ಪ. ಇರಾನ್."

"ಹಂಗಾರೆ ಕೂತ್ಕಂಡು ಟೀ ಕುಡೀರಿ. ಅದು ಇವತ್ತಿಗೆ ಮುಗಿಯಲ್ಲ."

ಐದನೇ ಸಲ ನಾನು ರಸ್ತೆಯ ಮಧ್ಯದಲ್ಲಿದ್ದಾಗ ಹೆಂಡತಿ ಎದ್ದಳು. ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲೂ ಇಲ್ಲ. ನೇರ ಹೋಗಿ ಮಗುವನ್ನು ಅಪ್ಪನ ಮಡಿಲಿಗೆ ಹಾಕಿದಳು.

"ಹಿಡ್ಕಳಿ ಮಾವ. ಎಂಟ್ ತಿಂಗ್ಳಿಂದ ಎತ್ತಿ ಎತ್ತಿ ನನ್ ಕೈ ಬಿದ್ದೋಗೈತೆ. ನೀವು ಮಾತು ಮುಗ್ಸೋ ಹೊತ್ಗೆ ಇವ್ಳೇ ನಡ್ಕಂಡ್ ಬರ್ತಾಳೆ."

ಮಗು ಅಪ್ಪನ ಮುಖವನ್ನು ಗಂಭೀರವಾಗಿ ನೋಡಿತು. ಇಸ್ತ್ರಿ ಮಾಡಿದ ಪಂಚೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯಿತು. ಆ ಬದಿಯಿಂದ ಮಾವ ಟವೆಲ್ ಬೀಸುತ್ತಾ ಓಡಿಬಂದರು.

"ಅಯ್ಯಯ್ಯೋ ಬೀಗ್ರೇ, ತಗಳಿ, ಒರ್‍ಸ್ಕಳಿ!"

ಅಪ್ಪ ಟವೆಲ್ ತೆಗೆದುಕೊಂಡು, "ನಿಮ್ಮ ಮೊಮ್ಮಗಳು ಸೌದಿ ಪಕ್ಷ ಕಣ್ರೀ," ಎಂದರು. ಇಬ್ಬರೂ ನಗಲು ಶುರುಮಾಡಿದರು. ರಸ್ತೆ ಮಧ್ಯೆ ನಿಂತಿದ್ದ ನನಗೆ ಟ್ರಾಕ್ಟರಿನವನೊಬ್ಬ, "ಸಾಯಕ್ಕೆ ಬಂದಿದೀಯೇನ್ಲಾ?" ಎಂದು ಬೈದು ಹೋದ.

ಆಮೇಲೆ ಅಮೆರಿಕ ಆ ಒಪ್ಪಂದದಿಂದ ಹೊರಗೆ ಬಂತು. ಬಡವನಹಳ್ಳಿಯ ಒಪ್ಪಂದ ಮಾತ್ರ ಗಟ್ಟಿಯಾಗಿ ನಿಂತಿತು. ಜಗಳವೂ ನಿಂತಿತು ಎಂದುಕೊಳ್ಳಬೇಡಿ. ಪ್ರತಿ ಭಾನುವಾರ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಜಗಳವಾಡಿದರು, ಊಟ ಮಾತ್ರ ಪೂರ್ತಿ ಮಾಡಿಕೊಂಡು.

ಅಪ್ಪ ತೀರಿಹೋಗಿ ಎರಡು ವರ್ಷವಾಯಿತು. ಟೀವಿಯಲ್ಲಿ ಇರಾನ್ ಬಂದಾಗಲೆಲ್ಲ ಮಾವ ಫೋನ್ ಮಾಡುತ್ತಾರೆ: "ಅಳಿಯಂದ್ರೇ, ಏನಂತೀರಾ?" ಎರಡೂ ಕಡೆ ಸರಿಯಿದೆ ಮಾವ, ಎನ್ನುತ್ತೇನೆ ನಾನು. "ಹೂಂ," ಎಂದು ಇಟ್ಟುಬಿಡುತ್ತಾರೆ. ಆ "ಹೂಂ" ಈಚೆಗೆ ತೀರಾ ಸಣ್ಣದಾಗುತ್ತಿದೆ ಎಂಬುದು ನನ್ನ ಹೊಸ ಚಿಂತೆ.

ಇವತ್ತು ಬೆಳಿಗ್ಗೆಯೂ ಫೋನ್ ಬಂತು. ಜೀವನದಲ್ಲಿ ಮೊದಲ ಬಾರಿಗೆ ಒಂದು ಪಕ್ಷ ಹಿಡಿದೆ.

"ಇರಾನಿಂದೇ ಸರಿ ಮಾವ. ನಿಮ್ಮ ಸೌದಿಯೋರಿಗೆ ಹೊಟ್ಟೆಕಿಚ್ಚು."

ತಪ್ಪಾಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಯಾರಿಗ್ರೀ ಹೊಟ್ಟೆಕಿಚ್ಚು? ಫೋನ್ ಇಡಬ್ಯಾಡಿ, ಇರಿ, ಟೀವಿ ಸೌಂಡ್ ಕಮ್ಮಿ ಮಾಡ್ತೀನಿ!"