ಹದಿನಾಲ್ಕನೇ ನಂಬರಿನ ಪಾನಾ

ಓಣಿಗೆಲ್ಲ ಕಾಕಾ ಆಗಿದ್ದ ಅವರ ಎಡಗಿವಿ ಪೂರ್ತಿ ಕಿವುಡು. ಮಾತಾಡಿಸಿದರೆ ಬಲಗಿವಿ ಮುಂದೆ ಮಾಡಿ, ಕಣ್ಣು ಕಿರಿದಾಗಿಸಿ ಕೇಳುತ್ತಿದ್ದರು. ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಕ್ಯಾನ್‌ಬೆರಾ ಬಾಂಬರ್ ವಿಮಾನಗಳ ಇಂಜಿನ್ ನೋಡಿಕೊಂಡವರು. ಆ ಇಂಜಿನ್ ಚಾಲೂ ಆಗಬೇಕಾದರೆ ಮದ್ದಿನ ತೋಟಾ ಸಿಡಿಸಬೇಕಿತ್ತು. ಆ ಸದ್ದೇ ಕಿವಿಯನ್ನು ತಿಂದಿತ್ತು. ನಿವೃತ್ತರಾಗಿ ಮೂಡಲಗಿಗೆ ಬಂದವರು ನಮ್ಮ ಶಾಲೆಯ ಎದುರಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದರು.

ಅಂಗಡಿಯ ಗೋಡೆಯ ಮೇಲೆ, ನಟ್ಟು ಬಿಚ್ಚುವ ಪ್ರತಿ ಪಾನಾದ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದರು. ಸಂಜೆ ಎಲ್ಲ ಪಾನಾಗಳೂ ತಮ್ಮ ಜಾಗಕ್ಕೆ ಬಂದ ಹೊರತು ಬಾಗಿಲಿಗೆ ಕೀಲಿ ಬೀಳುತ್ತಿರಲಿಲ್ಲ. ಒಮ್ಮೆ ಒಂದು ಪಾನಾ ಸಿಗಲಿಲ್ಲವೆಂದು, ದೂರದ ಹಾರಾಟಕ್ಕೆ ಹೊರಟಿದ್ದ ಬಾಂಬರನ್ನೇ ನಿಲ್ಲಿಸಿದ್ದರಂತೆ. ಅಧಿಕಾರಿ ಬಾಯಿಗೆ ಬಂದಂತೆ ಬೈದರೂ ವಿಮಾನ ಬಿಡಲು ಸಹಿ ಹಾಕಲಿಲ್ಲ. ಪಾನಾ ಇಂಜಿನ್ನಿನ ಸಂದಿಯಲ್ಲಿ ಸಿಕ್ಕಿತು. ಮರೆತವನು ನಾನೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು.

“ಬಾಂಬ್ ಎಲ್ಲಿ ಬಿತ್ತು ನನಗ ಗೊತ್ತಿಲ್ರಿ ಮಾಸ್ತರ. ಹೋದ ಹುಡುಗೂರು ಹೊಳ್ಳಿ ಬರಬೇಕು. ಅಷ್ಟ ನನ್ನ ಕೆಲಸ.”

ಒಂದು ವರ್ಷ ಸ್ವಾತಂತ್ರ್ಯ ದಿನದ ಧ್ವಜ ಅವರೇ ಹಾರಿಸಬೇಕೆಂದು ಹೆಡ್‌ಮಾಸ್ತರನಾದ ನಾನೇ ಹೋಗಿ ಕರೆದೆ. ಪದಕಗಳನ್ನು ತಿಕ್ಕಿ ಇಟ್ಟುಕೊಂಡರು. ಸಭೆಯಲ್ಲಿ ಶಾಲಾ ಸಮಿತಿಯವನೊಬ್ಬ, “ಅವರ ವಿಮಾನ ಯಾವ ಕಡೆ ಹಾರಿತ್ತು ಅಂತ ಯಾರು ನೋಡ್ಯಾರ್ರಿ?” ಅಂದ. ನಾಲ್ಕು ಜನ ನಕ್ಕರು. ಹೆಸರು ಹೊಡೆದುಹಾಕಿದರು. ಕಾಕಾ ಮುಸಲ್ಮಾನರು, ಅದೊಂದೇ ಕಾರಣ. ಹಾಗೆ ಅಂದವನು ಜನ್ಮದಲ್ಲಿ ವಿಮಾನದ ಗಾಲಿ ಮುಟ್ಟಿದವನಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವನಿಗಿಂತ ಹೆಚ್ಚು ನನ್ನ ಮೇಲೆ ಸಿಟ್ಟು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಆ ಸಭೆಯ ದಿನವೇ ಬೆಳಿಗ್ಗೆ, ಸಂಜೆಗೆ ಕೊಡುತ್ತೇನೆಂದು ಹೇಳಿ ಗಾಡಿ ರಿಪೇರಿಗೆ ಅವರ ಹದಿನಾಲ್ಕನೇ ನಂಬರಿನ ಪಾನಾ ತಂದಿದ್ದೆ. ಯಾವ ಮುಖ ಹೊತ್ತು ಹೋಗಲಿ? ಶಾಲೆಯ ಹಿಂದಿನ ಗೇಟಿನಿಂದ ಓಡಾಡತೊಡಗಿದೆ. “ಪಾನಾ ಇರಲಿ, ಮಾಸ್ತರ ಒಮ್ಮೆ ಬಂದು ಹೋಗಲಿ” ಎಂದು ಕಾಕಾ ಹೇಳಿಕಳಿಸಿದರು. ಹೇಡಿ ನಾನು, ಹೋಗಲಿಲ್ಲ.

ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿ ಬರುತ್ತ, ಅವರ ಮಗನ ಜೊತೆ ಅಂಗಡಿಯೊಳಗೆ ಕಾಲಿಟ್ಟೆ. ಗೋಡೆಯಲ್ಲಿ ಒಂದೇ ಆಕಾರ ಖಾಲಿ ಇತ್ತು.

“ಅದು ಹೋದ ದಿನದಿಂದ ಅಬ್ಬಾ ಬಾಗಿಲಕ್ಕ ಕೀಲಿ ಹಾಕಿಲ್ರಿ ಸರ್,” ಅಂದ ಮಗ. “ಒಂದು ಬರೋದೈತಿ ಅಂತಿದ್ರು.”

ಮನೆಯಿಂದ ಹೊರಡುವಾಗಲೇ ಕಿಸೆಗೆ ಹಾಕಿಕೊಂಡಿದ್ದ ಪಾನಾ ತೆಗೆದು ಕೆಂಪು ಗೆರೆಯೊಳಗೆ ತೂಗುಹಾಕಿದೆ. ಮಗ ನನ್ನ ಮುಖ ನೋಡಲಿಲ್ಲ. ಹೊರಗೆ ಬಂದು ಬಾಗಿಲೆಳೆದು ಕೀಲಿ ಹಾಕಿದ.