ಖಾಲಿ ಗಾಡಿಯ ಮಾತು ನಂಬದ ಮೇಸ್ತ್ರಿ

ಕನ್ನೊಳ್ಳಿಯಿಂದ ಇಂಡಿಯ ಕಡೆಗೆ ಹೊರಟ ಪಿಕಪ್ಪಿನ ಹಿಂದೆ, ನಿಂಬೆಹಣ್ಣಿನ ಚೀಲಗಳ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ಈಗಷ್ಟೇ ಬೆಳಕು ಹರಿಯುತ್ತಿದೆ. ದಾರಿಹೋಕರು ನೋಡಿದರೆ ಹಮಾಲಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ ಎಂದುಕೊಳ್ಳಬೇಕು. ಹಳ್ಳದ ಸೇತುವೆ ದಾಟಿದ ಕೂಡಲೇ ಏರು ಶುರುವಾಗುತ್ತದೆ. ಗಾಡಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಯುತ್ತದೆ, ಮುಲುಗುತ್ತದೆ, ತುದಿ ಮುಟ್ಟುವಷ್ಟರಲ್ಲಿ ಒಂದನೇ ಗೇರಿಗೂ ಇಳಿಯುತ್ತದೆ. ಅವರು ಕಣ್ಣು ತೆರೆದು ಕ್ಯಾಬಿನ್ನಿನ ಮೇಲೆ ಅಂಗೈಯಿಂದ ಬಡಿಯುತ್ತಾರೆ.

"ನಿಂದರಸೋ ಸಂಗು. ನಿನ್ನ ಗಾಡಿಗೆ ತಾಕತ್ತು ಕಡಿಮಿ ಇಲ್ಲ. ಉಸಿರು ಕಡಿಮಿ ಐತಿ."

ಇವರು ಮೆಹರಾಜ. ಇದೇ ಏರಿನ ಬುಡದಲ್ಲಿ, ಬೇವಿನ ಮರದ ಕೆಳಗೆ ಇವರ ಗ್ಯಾರೇಜು. ಬೋರ್ಡಿಲ್ಲ, ಇದ್ದಿದ್ದರೂ ಯಾರೂ ಓದುತ್ತಿರಲಿಲ್ಲ. ಏಕೆಂದರೆ ಸಿಂದಗಿ, ಇಂಡಿ ಸೀಮೆಯ ಡ್ರೈವರುಗಳೆಲ್ಲ ಇಟ್ಟ ಹೆಸರು ಬೇರೆಯೇ ಇದೆ: ಬ್ಯಾಡ ಮೇಸ್ತ್ರಿ. ಎಂಜಿನ್ನಿಗೆ ತಾಕತ್ತು ಹೆಚ್ಚಿಸುವ ಚಿಪ್ ಹಾಕಿ ಎಂದರೆ ಬ್ಯಾಡ. ಸೀಟಿ ಹೊಡೆಯುವ ಸೈಲೆನ್ಸರ್ ಕೂರಿಸಿ ಎಂದರೆ ಬ್ಯಾಡ. ಟ್ರ್ಯಾಕ್ಟರಿನಂಥ ಟೈರು ಬೇಕೆಂದರೆ ಅದೂ ಬ್ಯಾಡ. ದಿನಕ್ಕೆ ನಾಲ್ಕೈದು ಗಾಡಿ ಬಂದರೆ ಅರ್ಧಕ್ಕಿಂತ ಹೆಚ್ಚಿನವು ಇದೊಂದು ಮಾತು ಕೇಳಿಸಿಕೊಂಡೇ ಹೋಗುತ್ತವೆ. ಹೆಂಡತಿ ಬುಶ್ರಾ ಇದನ್ನು ನಕ್ಕುಕೊಂಡು ವಿವರಿಸುತ್ತಾರೆ: "ಇವರ ಬಾಯಾಗ ಹೂಂ ಅನ್ನೂದು ಬರಾಂಗಿಲ್ರಿ. ನಿಕಾಹದಾಗ ಕಬೂಲ್ ಅಂದದ್ದ ಕಡೀದು."

ಸಂಗು ಬಂದಿರುವುದೂ ಚಿಪ್ಪಿಗೇ. ಊರ ತೋಟಗಳ ನಿಂಬೆಯನ್ನು ಇಂಡಿಯ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕಸುಬು. ಹರಾಜಿನ ಸವಾಲು ಕೂಗುವ ಹೊತ್ತಿಗೆ ಹಣ್ಣು ಅಲ್ಲಿರಬೇಕು, ತಡವಾದರೆ ಕೊಳ್ಳುವವರ ಕಣ್ಣು ಆಗಲೇ ಬೇರೆ ರಾಶಿಯ ಮೇಲಿರುತ್ತದೆ. ಕೆಲವು ತಿಂಗಳಿಂದ ಸಂಗುವಿನ ಗಾಡಿ ಏರಿನಲ್ಲಿ ಸೊರಗುತ್ತಿದೆ, ಎರಡು ಸಲ ಸವಾಲು ತಪ್ಪಿಸಿದೆ. ಮೂರನೇ ಸಲವೂ ತಪ್ಪಿದರೆ ಚೀಲಗಳನ್ನು ಬೇರೆ ಗಾಡಿಗೆ ಹೇರುತ್ತೇವೆ ಎಂದು ತೋಟದವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಅವರ ತಪ್ಪೂ ಇಲ್ಲ, ಕಿತ್ತ ನಿಂಬೆ ಯಾರಿಗಾಗಿಯೂ ಕಾಯುವುದಿಲ್ಲ. ನಿನ್ನೆ ಸಂಜೆ ಸಂಗು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, "ಇದನ್ನ ಹಾಕ್ರಿ ಮೇಸ್ತ್ರಿ, ಗಾಡಿ ಹಾರತೈತಂತ" ಎಂದಾಗ ಮೆಹರಾಜ ವಿಡಿಯೊ ನೋಡಲೇ ಇಲ್ಲ. "ನಾಳೆ ಲೋಡ್ ಹೇರಕೊಂಡು ಬಾ" ಎಂದರು.

ಮೆಹರಾಜರ ವಿದ್ಯೆಯೆಲ್ಲ ಇರುವುದು ಇಲ್ಲೇ. ಖಾಲಿ ಗಾಡಿಯ ಬಾನೆಟ್ಟನ್ನು ಅವರು ಎತ್ತುವುದಿಲ್ಲ. ನಾಲತವಾಡದಲ್ಲಿ ತಂದೆ ಜೈನುದ್ದೀನ ಬಾವಿಗಳ ಡೀಸೆಲ್ ಪಂಪುಗಳ ರಿಪೇರಿ ಮಾಡುತ್ತಿದ್ದರು. ಮಗನನ್ನು ಹೊಲದ ಬದುವಿನ ಮೇಲೆ ಕೂರಿಸಿ, ಪಂಪು ನೀರೆತ್ತುತ್ತಿದೆಯೋ ಬರೀ ಗಾಳಿ ಕುಡಿಯುತ್ತಿದೆಯೋ ಸದ್ದಿನಿಂದಲೇ ಹೇಳು ಎನ್ನುತ್ತಿದ್ದರು. ತಪ್ಪಿದರೆ ಬೈಗುಳ, ಸರಿಯಿದ್ದರೆ ಶೇಂಗಾ. ಆ ಶೇಂಗಾದ ಆಸೆಗೆ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. "ಹೊರಿ ಇಲ್ಲದಾಗ ಎಲ್ಲಾ ಎಂಜಿನ್ನೂ ಹುಲಿನ ರಿ. ಹೊರಿ ಹೊತ್ತಾಗ ಅದರ ಖರೇ ದನಿ ಕೇಳತೈತಿ. ಮನಶ್ಯಾರೂ ಹಂಗ" ಎಂದು ನಗುತ್ತಾರೆ.

ಹಾಗಂತ ಬ್ಯಾಡ ಎನ್ನುವುದೇ ಅವರ ಧರ್ಮವಲ್ಲ. ಮುಳವಾಡದ ಮಾಳಿಂಗ ಸಂತೆಗಳಿಗೆ ಕುರಿ ಸಾಗಿಸುತ್ತಾನೆ. ಅವನ ಗಾಡಿಗೆ ಇವರೇ ಮುಂದೆ ನಿಂತು ದೊಡ್ಡ ಇಂಟರ್‌ಕೂಲರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪು ಮಾಡುವ ಪೆಟ್ಟಿಗೆ, ಹಾಕಿಸಿದರು. ಅದಕ್ಕೂ ಮೊದಲು ಬ್ರೇಕು ಬದಲಿಸಿದರು. ಮಾಳಿಂಗ ಗೊಣಗಿದಾಗ ಸಿಕ್ಕ ಉತ್ತರ ಈಗ ಸೀಮೆಯ ಗಾದೆಯೇ ಆಗಿದೆ: "ಓಡೂದು ಆಮ್ಯಾಲೆ ಕಲಿಸೂಣು, ಮೊದಲ ನಿಂದ್ರೂದು ಕಲಿಸೂಣು."

ಗಾದೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಪೇಟೆಯಲ್ಲಿ ಬಣ್ಣದ ದೀಪದ ಹೊಸ ಅಂಗಡಿಯೊಂದು ತೆರೆದ ಮೇಲೆ ಹುಡುಗರೆಲ್ಲ ಆ ಕಡೆ ಹರಿದರು. ಅಲ್ಲಿ ಕೇಳಿದ್ದಕ್ಕೆಲ್ಲ ಹೂಂ. ಒಂದು ಮಳೆಗಾಲವಿಡೀ ಬೇವಿನ ಮರದ ಕೆಳಗೆ ಗಾಡಿಗಿಂತ ಕಾಗೆಗಳೇ ಹೆಚ್ಚು ಬಂದವು. ಬುಶ್ರಾ ಹೊಲಿಗೆ ಮಷಿನ್ನು ತುಳಿದು ಮನೆ ನಡೆಸಿದರು. ಆಗ ಬೇಸರವಾಗಲಿಲ್ಲವೇ ಎಂದರೆ ಮೆಹರಾಜ ಮುಚ್ಚಿಡುವುದಿಲ್ಲ. "ಆಗಿತ್ರಿ, ಭಾಳ ಆಗಿತ್ತು. ಸುಳ್ಳ ಹೇಳಿದ್ರ ನಾಕ ಗಿರಾಕಿ ಬರ್ತಿದ್ರು. ಆದರ ಬ್ಯಾಡಾದದ್ದನ್ನ ಹಾಕಿ ಕಳಿಸಿದ್ರ, ಆ ಗಾಡಿ ನನ್ನ ಅಂಗಡಿ ಮುಂದ ಹಾದಾಗೆಲ್ಲಾ ನನಗ ಕೇಳಸತೈತಲ್ಲ!"

ಇತ್ತ ಏರಿನ ತುದಿಯಲ್ಲಿ ಗಾಡಿ ನಿಂತಿದೆ. ಸಂಗುವಿನ ಜೊತೆ ಕ್ಯಾಬಿನ್ನಿನಿಂದ ಅವನ ತಾಯಿ ಸುಂದರವ್ವನೂ ಇಳಿಯುತ್ತಾರೆ. ಮಾರುಕಟ್ಟೆಯಲ್ಲಿ ಹಣ್ಣಿನ ಪರವಾಗಿ ಜಗಳಾಡುವುದು ಅವರ ಇಲಾಖೆ. ಮೆಹರಾಜ ಗಾಡಿಯ ಮೋರೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಂದಿಯಲ್ಲಿ ಕೈ ತೂರಿಸಿ, "ಹಾ!" ಎಂದು ಹಿಂದಕ್ಕೆಳೆದುಕೊಳ್ಳುತ್ತಾರೆ. ಬಿಸಿ. ತಂಪು ಮಾಡಬೇಕಾದ ಪೆಟ್ಟಿಗೆಯೇ ಹಂಚಿನಂತೆ ಕಾದಿದೆ. ಕಾರಣ ಕಣ್ಣೆದುರೇ ಥಳಥಳಿಸುತ್ತಿದೆ: ಗಾಳಿ ಹೋಗುವ ಜಾಲರಿಯನ್ನು ಪೂರ್ತಿ ಮುಚ್ಚಿದ ಸ್ಟೀಲಿನ ತಗಡು, ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 'ಸುಂದರವ್ವನ ಆಶೀರ್ವಾದ'.

ಗಾಡಿಯ ಹಣೆಯ ಮೇಲೆ ಹೆಸರಿಲ್ಲದಿದ್ದರೆ ಈ ಕಡೆ ಅದು ಗಾಡಿಯೇ ಅಲ್ಲ. ಸಂಗು ದಸರೆಯ ಖಂಡೆ ಪೂಜೆಯ ದಿನ, ಅಕ್ಷರ ದೂರದಿಂದ ಕಾಣಲೆಂದು ಎಲ್ಲರಿಗಿಂತ ದೊಡ್ಡ ತಗಡು ಬಡಿಸಿದ್ದ. ಗಾಡಿ ಸೊರಗಿದ್ದೂ ಅಂದಿನಿಂದಲೇ. ಮೆಹರಾಜರಿಗೆ ನಿನ್ನೆಯೇ ಅನುಮಾನ ಬಂದಿತ್ತು. ಆದರೆ ಹೆತ್ತವಳ ಹೆಸರಿನ ಮೇಲೆ ದೂರು ಹೊರಿಸುವ ಮುಂಚೆ ಪುರಾವೆ ಬೇಕಲ್ಲ.

"ಅವ್ವನ ಹೆಸರು ಕಿತ್ತಿ ಒಗೀಲೇನ್ರಿ?" ಸಂಗುವಿನ ಮುಖ ಕೆಂಪಾಗುತ್ತದೆ. "ಸವಾಲ್ ತಪ್ಪಿದ್ರ ತಪ್ಪಲಿ. ಅದೊಂದು ಆಗಾಂಗಿಲ್ಲ. ಚಿಪ್ ಹಾಕ್ರಿ."

ಚಿಪ್ ಎಂದರೂ ಈ ಸಲ ಮೆಹರಾಜರ ಬಾಯಿಯಲ್ಲಿ ಬ್ಯಾಡ ಬರುವುದಿಲ್ಲ. ಪಾನಾ ಹಿಡಿದುಕೊಂಡು ಸುಂದರವ್ವನ ಕಡೆ ತಿರುಗುತ್ತಾರೆ. ಮಗನ ಪ್ರೀತಿಯ ನಟ್ಟು ಬಿಚ್ಚುವುದು ಮೇಸ್ತ್ರಿಯ ಕೆಲಸವಲ್ಲ ಎಂದು ಅವರಿಗೆ ಗೊತ್ತಿದೆ.

ಸುಂದರವ್ವ ಸೆರಗು ಸಿಕ್ಕಿಸಿ ಮುಂದೆ ಬರುತ್ತಾರೆ. "ಲೇ, ನಾ ಒಳಗ ಗಟ್ಟ್ಯಾಗಿ ಕುಂತೇನಿ. ತಗಡ ಬಿಚ್ಚಿದ್ರ ನಾ ಏನ್ ಹಾರಿ ಹೋಗ್ತೇನೇನು? ನಿನ್ನ ಗಾಡಿ ಮೂಗು ಹಿಡದು ಕುಂದ್ರೂದು ಯಾವ ಆಶೀರ್ವಾದೋ? ಬಿಚ್ರಿ ಮೇಸ್ತ್ರಿ, ಹೊತ್ತಾಗಾಕತ್ತೈತಿ!"

ನಾಲ್ಕು ಬೋಲ್ಟು ಬಿಚ್ಚಲು ಎಷ್ಟು ಹೊತ್ತು? ಪೆಟ್ಟಿಗೆ ಆರುವಷ್ಟು ಹೊತ್ತು ಕಾದು, ಗಾಡಿ ತಿರುಗಿಸಿ ಮತ್ತೆ ಹಳ್ಳಕ್ಕಿಳಿಸುತ್ತಾರೆ. ಅದೇ ಚೀಲಗಳು, ಅದೇ ಏರು. ಮೆಹರಾಜ ಅದೇ ಜಾಗದಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಮೂರನೇ ಗೇರು ಅರ್ಧ ಏರಿಗೂ ಮೂರೇ, ತುದಿಗೂ ಮೂರೇ. ಒಳಗಿನಿಂದ ಸಂಗು ಹಾಕಿದ ಕೇಕೆಗೆ ಬದುವಿನ ಮೇಲಿನ ಕೊಕ್ಕರೆಗಳು ಏಳುತ್ತವೆ. ಚೀಲಗಳ ಮೇಲೆ ಮೇಸ್ತ್ರಿಯ ಮುಖ ಶೇಂಗಾ ಸಿಕ್ಕ ಹುಡುಗನ ಮುಖವಾಗಿದೆ. ಆ ದಿನ ಇಂಡಿಯಲ್ಲಿ ಸವಾಲು ಶುರುವಾಗುವಾಗ ಸುಂದರವ್ವ ಆಗಲೇ ರಾಶಿಯ ಪಕ್ಕದಲ್ಲಿ ಒಬ್ಬ ದಲಾಲಿಯ ಜೊತೆ ವಾದಕ್ಕೆ ನಿಂತಿದ್ದರು.

ಇಂಡಿಯಿಂದ ಮರಳಿ ಗ್ಯಾರೇಜು ಮುಟ್ಟಿದ ಮೇಲೆ ಮೆಹರಾಜ ತಗಡನ್ನು ಒರೆಸಿ, ಗಾಡಿಯ ಹಿಂಬಾಗಿಲಿಗೆ ನೀಟಾಗಿ ಕೂರಿಸಿಕೊಟ್ಟರು. "ಇನ್ನ ನಿನ್ನ ಹಿಂದ ಬಿದ್ದವರೆಲ್ಲಾ ಅವ್ವನ ಹೆಸರು ಓದಕೋತ ಬರ್ಲಿ" ಎಂದರು. ಸಂಗುವಿಗೆ ಈ ಲೆಕ್ಕ ಬಹಳ ಹಿಡಿಸಿತು. ತೋಟದವರ ಚೀಲಗಳು ಅವನ ಗಾಡಿಯಲ್ಲೇ ಉಳಿದವು.

ಒಂದು ವಾರದ ಮೇಲೆ, ಮುಂಜಾನೆ, ಬೇವಿನ ಮರದ ಕೆಳಗೆ ಮೆಹರಾಜ ಕಪ್ಪಿನಿಂದ ಬಸಿಗೆ ಸುರಿದ ಚಹಾ ಆರಿಸುತ್ತಿದ್ದಾರೆ. ದೊಡ್ಡ ಅಂಗಡಿ, ಬೋರ್ಡು, ಹೊಸ ಸಾಮಾನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯೆತ್ತಿ ತಡೆಯುತ್ತಾರೆ. ಕಿವಿ ರಸ್ತೆಯ ಕಡೆಗಿದೆ. ಸಂಗುವಿನ ಪಿಕಪ್ಪು ಹಾರ್ನ್ ಹೊಡೆದು, ನಿಲ್ಲದೆ, ನಿಂಬೆಯ ಘಮ ಬಿಟ್ಟು ಏರು ಹತ್ತುತ್ತದೆ. ಮೂರನೇ ಗೇರಿನಲ್ಲಿ. ತುದಿಯಲ್ಲಿ ಬಿಸಿಲಿಗೆ ಸುಂದರವ್ವನ ಹೆಸರು ಒಮ್ಮೆ ಮಿನುಗಿ ಆಚೆಗಿಳಿಯುವವರೆಗೂ ಅವರು ಬಸಿ ಬಾಯಿಗಿಡುವುದಿಲ್ಲ.

"ಗಾಡಿ ಮುಖಾ ದಿನಾ ನನ್ನ ಬಾಗಿಲಾಗ ಕಂಡ್ರ ನಾ ಎಂಥಾ ಮೇಸ್ತ್ರಿ?" ಎನ್ನುತ್ತಾರೆ ಆಮೇಲೆ. "ನನಗ ಬೆನ್ನು ಕಾಣಬೇಕ್ರಿ. ಅಷ್ಟ ಆಸೆ."