ಹನ್ನೊಂದು ವರ್ಷದ ಅತಿಥಿ

ಯಲಹಂಕದ ಖಾಸಗಿ ಕಾಲೇಜೊಂದರಲ್ಲಿ ಗುರುದೇವಿ ಮೇಡಂ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಇಷ್ಟು ಕಾಲ ಉಳಿದ ಅತಿಥಿಯನ್ನು ಯಾವ ಮನೆಯೂ ಕಂಡಿರಲಾರದು. ಸ್ಟಾಫ್ ರೂಮಿನಲ್ಲಿ ಅಂದು ರಜೆ ಹಾಕಿದವರ ಕುರ್ಚಿಯೇ ಅವರದು. ಎಲ್ಲರೂ ಬಂದ ದಿನ ಕಿಟಕಿಕಟ್ಟೆ. ಅವರ ನೇಮಕ ಏಪ್ರಿಲ್‌ಗೆ ಮುಗಿಯುತ್ತದೆ, ಜೂನ್‌ಗೆ ಹೊಸ ಪತ್ರ ಬರುತ್ತದೆ. ಯಾರು ಏನು ಕೇಳಿದರೂ "ನಮ್ದೇನೈತ್ರಿ, ನಾವು ಅತಿಥಿಗಳು" ಎಂದು ಗದಗಿನ ಮಾತಿನಲ್ಲಿ ನಗುತ್ತಾರೆ. ಕಲಿಸುವುದು ಮಾತ್ರ ಕಾರ್ಮಿಕ ಕಾನೂನು. ಹೆರಿಗೆ ಸೌಲಭ್ಯದ ಕಾಯ್ದೆಯನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಈ ವರ್ಷ ಇನ್ನೊಬ್ಬ ಅತಿಥಿ ಉಪನ್ಯಾಸಕಿ ರಕ್ಷಾ, ತನಗೆ ಅಕ್ಟೋಬರಿನಲ್ಲಿ ಹೆರಿಗೆಯೆಂದು ತಿಳಿಸಿದಾಗ ಪ್ರಿನ್ಸಿಪಾಲರು, "ಕಾಂಟ್ರ್ಯಾಕ್ಟ್‌ನವ್ರಿಗೆ ಆ ರಜೆ ಎಲ್ಲ ಬರಲ್ಲಮ್ಮ, ಬಿಟ್ಬಿಡಿ" ಎಂದರು. ಗುರುದೇವಿ ಅವಳನ್ನು ಪಕ್ಕಕ್ಕೆ ಕರೆದರು. "ಎಂಬತ್ತು ದಿನ ಕೆಲಸ ಮಾಡಿದ್ರ ಸಾಕು, ನಮಗೂ ರಜಾ ಐತಿ. ಅರ್ಜಿ ಬರಿ." "ನೀವು ತಗೊಂಡಿದ್ರಾ ಮೇಡಂ?" "ಇಲ್ಲವ್ವ. ನನ್ನ ಎರಡೂ ಮಕ್ಕಳು ಮೇ ತಿಂಗಳದಾಗ ಹುಟ್ಯಾವ. ಕೆಲಸ ಹೋಗಬಾರದಂತ ಹಂಗ ದಿನ ನೋಡಿಕೊಂಡಿದ್ದೆ. ಜೂನ್‌ದಾಗ ಬಂದು ಪಾಠ ಮಾಡಿದೆ." ಅರ್ಜಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿ, ಅವರೇ ಪ್ರಿನ್ಸಿಪಾಲರ ಕೋಣೆಗೆ ಒಯ್ದರು. ಮೂರು ವಾರದ ವಾದದ ಬಳಿಕ ರಜೆ ಮಂಜೂರಾಯಿತು. ರಕ್ಷಾಳ ಮಗಳು ಸೆಮಿಸ್ಟರಿನ ನಟ್ಟನಡುವೆ, ಪಾಠಗಳೆಲ್ಲ ಜೋರಾಗಿ ನಡೆಯುತ್ತಿದ್ದ ಒಂದು ಬುಧವಾರ ಹುಟ್ಟಿದಳು.